ಗಣಪತಿಯ ಫೋಲ್ಡರಿನಲ್ಲಿ ಅಕ್ಕ

ಇವತ್ತಿಗೂ ಯಾರಾದರೂ ನನ್ನೆದುರು ಕಂಪ್ಯೂಟರ್ ಆನ್ ಮಾಡಿದರೆ, ಅದು ಪೂರ್ತಿ ಎದ್ದು ಕೂರುವವರೆಗೆ ನನಗೆ ಉಸಿರು ಸರಿಯಾಗಿ ಆಡುವುದಿಲ್ಲ. ಕರೆಯದೆ ಏನಾದರೂ ಬಂದುಬಿಡುತ್ತದಾ ಅಂತ ಕಣ್ಣು ಪರದೆಯ ಮೇಲೇ ನೆಟ್ಟಿರುತ್ತದೆ. ಮನೆಯಲ್ಲಿ ಎಲ್ಲರೂ ನಗುತ್ತಾರೆ. ನಗಲಿ. ನಾನು ಮೊದಲಿಂದಲೂ ಪುಕ್ಕಲಿಯೇ. ಜಿರಲೆಗೂ ಹೆದರುತ್ತೇನೆ, ಟೆಲಿಗ್ರಾಂ ತರುವವನಿಗೂ ಹೆದರುತ್ತಿದ್ದೆ. ಆದರೆ ಈ ಹೆದರಿಕೆ ಹುಟ್ಟಿನಿಂದ ಬಂದದ್ದಲ್ಲ. ಶಿವಮೊಗ್ಗದ ಸವಳಂಗ ರಸ್ತೆಯ ಒಂದು ಮಹಡಿಯ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಹತ್ತೂವರೆಗೆ ನನಗೆ ಅಂಟಿಕೊಂಡದ್ದು.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ನಮ್ಮ ಸಮಾಜದವರು ನಡೆಸುತ್ತಿದ್ದ ವಧೂವರರ ಮಾಹಿತಿ ಕೇಂದ್ರದಲ್ಲಿ ನಾನು ಗುಮಾಸ್ತೆ. ಕೆಳಗೆ ಪುಸ್ತಕ, ಪೆನ್ನು ಮಾರುವ ಅಂಗಡಿ, ಮೇಲೆ ನಾವು. ಮಂಗಳವಾರ ರಜೆ, ಭಾನುವಾರ ಸಂತೆ. ಹೆಣ್ಣು ಹೆತ್ತವರು, ಗಂಡು ಹೆತ್ತವರು, ಕೈಯಲ್ಲಿ ಜಾತಕದ ಜೆರಾಕ್ಸ್, ಕಣ್ಣಲ್ಲಿ ಅನುಮಾನ. ನಾನು ಅವರು ಹೇಳಿದ್ದನ್ನೆಲ್ಲ ಟೈಪ್ ಮಾಡಿ, ಫೋಟೋ ಸೇರಿಸಿ, ಒಂದು ಪುಟದ ಬಯೋಡೇಟಾ ಮಾಡಿಕೊಡಬೇಕು. ಅದು ಇಂಗ್ಲಿಷಿನಲ್ಲೇ ಇರಬೇಕು. ಕನ್ನಡದಲ್ಲಿದ್ದರೆ ಗಂಡಿನ ಸಂಬಳ ಕಡಿಮೆ ಅಂದುಕೊಳ್ಳುತ್ತಾರೆ ಅನ್ನುವುದು ಕಾರ್ಯದರ್ಶಿಗಳ ನಂಬಿಕೆ. ನನಗಾಗಲೇ ಮೂವತ್ತಾಗಿತ್ತು, ಮದುವೆಯಾಗಿರಲಿಲ್ಲ. ಊರವರ ಮದುವೆಯನ್ನೆಲ್ಲ ಟೈಪ್ ಮಾಡುವವಳಿಗೆ ತನ್ನದನ್ನು ಮಾಡಿಕೊಳ್ಳಲು ಪುರುಸೊತ್ತಿಲ್ಲ ಅಂತ ಬಂದವರು ಚುಡಾಯಿಸುವರು. ನಿಮ್ಮ ಮಗನ ಬಯೋಡೇಟಾ ಓದಿದ ಮೇಲೆ ಮದುವೆಯ ಆಸೆಯೇ ಹೋಯಿತು ಅಂತ ನಾನೂ ಅಲ್ಲೇ ಹೇಳಿಬಿಡುತ್ತಿದ್ದೆ.

ನಮ್ಮ ಕಂಪ್ಯೂಟರಿನಲ್ಲಿ ಇದ್ದದ್ದು ಎಲ್ಲರ ಹಾಗೆ ವಿಂಡೋಸ್ ಅಲ್ಲ, ಲಿನಕ್ಸ್. ಬಂದವರೆಲ್ಲ ಫೋಟೋ ಇದೆ ಅಂತ ಫ್ಲಾಪಿ, ಸೀಡಿ ತರುವರು, ಅದರ ಜೊತೆಗೆ ವೈರಸ್ಸನ್ನೂ ತರುವರು. ಎರಡು ಸಲ ಎಲ್ಲ ಅಳಿಸಿಹೋಯಿತು. ಆಮೇಲೆ ನಮ್ಮ ಸಮಾಜದವರೇ ಆದ ಒಬ್ಬ ಲೆಕ್ಚರರು, ಭದ್ರಾವತಿಯಲ್ಲಿ ಮನೆ, ಶಿವಮೊಗ್ಗದ ಕಾಲೇಜೊಂದರಲ್ಲಿ ಕೆಲಸ, ಬಂದು ಇದನ್ನು ಹಾಕಿಕೊಟ್ಟರು. ಇದಕ್ಕೆ ವೈರಸ್ ಕಾಟವಿಲ್ಲ ಅಂದರು. ಕಾರ್ಯದರ್ಶಿಗಳು ನಿವೃತ್ತ ಹೆಡ್ಮಾಸ್ತರರು. ವೈರಸ್ಸಿಗಿಂತ ವಿಘ್ನದ ಚಿಂತೆ ಅವರಿಗೆ ಹೆಚ್ಚು. ಒಂದೇ ಷರತ್ತು ಹಾಕಿದರು.

"ಮದುವೆ ಕೆಲಸ ಇದು. ಮಷೀನು ಎದ್ದ ತಕ್ಷಣ ಮೊದಲು ಗಣಪತಿ ಕಾಣಬೇಕು. ಯಾರೂ ಒತ್ತಬಾರದು, ತಾನಾಗೇ ಬರಬೇಕು."

ಲೆಕ್ಚರರು ಹಾಗೇ ಮಾಡಿಕೊಟ್ಟರು. ಪಾಸ್‌ವರ್ಡ್ ಕೂಡ ಕೇಳದು. ಬಟನ್ ಒತ್ತಿ ಎರಡು ನಿಮಿಷ ನಿಂತರೆ ಪರದೆಯ ತುಂಬ ಗಣಪತಿ. ಹಬ್ಬಕ್ಕೊಂದು ಚಿತ್ರ ಬದಲಾಯಿಸಿಕೊಳ್ಳಲಿ ಅಂತ ಪರದೆಯ ಮೇಲೊಂದು ಫೋಲ್ಡರ್ ಇಟ್ಟು ಅದಕ್ಕೆ 'ಗಣಪತಿ' ಅಂತಲೇ ಹೆಸರು ಕೊಟ್ಟರು. ಒಳಗೆ ಆ ಒಂದು ಚಿತ್ರ, ಇನ್ನೇನೂ ಇಲ್ಲ. ಅದೆಂಥ ಫೋಲ್ಡರ್ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ದೇವರ ಕೋಣೆ ಇದ್ಯಾಕೆ ಇಲ್ಲಿದೆ ಅಂತ ಯಾರಾದರೂ ಕೇಳುತ್ತಾರಾ?

ಭಾನುವಾರ ಹತ್ತೂವರೆಗೆ ಕಮಿಟಿಯವರೆಲ್ಲ ಬಂದು ಆ ಕಂಪ್ಯೂಟರಿನ ಮುಂದೆ ನಿಲ್ಲುವರು. ಬಟನ್ ಒತ್ತುವುದು ಕಾರ್ಯದರ್ಶಿಗಳು. ನಾನು ಆರತಿ ತಟ್ಟೆ ಹಿಡಿದು ಪಕ್ಕದಲ್ಲಿ. ಗಣಪತಿ ಬರುವವರೆಗೆ ಕೀಬೋರ್ಡು, ಮೌಸು ಮುಟ್ಟುವ ಹಾಗಿಲ್ಲ. ಬಂದ ಮೇಲೆ ಗಂಟೆ, ಆರತಿ, ಎಲ್ಲರ ಕೈಯೂ ಮೇಲೆ. ಹೊರಗಿನವರಿಗೆ ನಗು ಬರಬಹುದು. ನಮಗೆ ಅದು ಅಭ್ಯಾಸವಾಗಿತ್ತು.

ಆದರೂ ಆ ಯಂತ್ರದ ಮೇಲೆ ನನಗೆ ನಂಬಿಕೆ ಹುಟ್ಟಿರಲಿಲ್ಲ. ಕರೆಯದೆ ಬರುವವು ಅದರಲ್ಲಿ ಇನ್ನೂ ಇದ್ದವು. ಮೂಲೆಯಲ್ಲೊಂದು ಗಡಿಯಾರ, ಅದರ ಪಕ್ಕ ಏನೇನೋ ಪುಟ್ಟ ಚಿತ್ರಗಳು. ಇವನ್ನೆಲ್ಲ ಎಬ್ಬಿಸಿದವರು ಯಾರು? ಒಂದು ಶನಿವಾರ ಒಬ್ಬ ಗಂಡಿನ ಬಯೋಡೇಟಾವನ್ನು ತೆರೆದಿಟ್ಟೇ ಆಫ್ ಮಾಡಿ ಹೋಗಿದ್ದೆ. ಮರೆತುಹೋದೀತು ಅಂತ ಅದರ ಕೆಳಗೆ 'ಸ್ವಲ್ಪ ಕುಡಿಯುತ್ತಾನಂತೆ, ವಿಚಾರಿಸಿ' ಅಂತ ಬರೆದುಕೊಂಡಿದ್ದೆ. ಮಾರನೇ ದಿನ ಗಣಪತಿಯ ಹಿಂದೆಯೇ ಅದೂ ಬಂದು ನಿಂತಿತು. ಎದುರಿಗೆ ಆ ಗಂಡಿನ ತಂದೆ! ಅವತ್ತು ನಾನು ತಿಂದ ಬೈಗುಳಕ್ಕೆ ಮಧ್ಯಾಹ್ನದ ಊಟ ಬೇಡವಾಯಿತು.

ಲೆಕ್ಚರರು ಬಂದು ನೋಡಿದರು. ಹಿಂದಿನ ದಿನ ಏನೇನು ತೆರೆದಿತ್ತೋ ಅದನ್ನು ಇದು ನೆನಪಿಟ್ಟುಕೊಂಡು ಮತ್ತೆ ತೆರೆಯುತ್ತದೆ, ಆ ನೆನಪನ್ನು ನಿಲ್ಲಿಸಿದ್ದೇನೆ, ಇನ್ನು ಹೆದರಬೇಡ ಅಂದರು. ಕರೆಯದೆ ಬರುವವಕ್ಕೆ ಇದ್ದ ಒಂದು ಬಾಗಿಲು ಮುಚ್ಚಿತು ಅಂತ ನಾನು ನಿಶ್ಚಿಂತಳಾದೆ. ಇನ್ನೊಂದು ಬಾಗಿಲಿದೆ ಅಂತ ನನಗೆ ಗೊತ್ತಿರಲಿಲ್ಲ.

ಇಲ್ಲಿ ಅಕ್ಕನ ವಿಷಯ ಹೇಳಬೇಕು. ಅಕ್ಕ ಭದ್ರಾವತಿಯ ಹಳೇನಗರದಲ್ಲಿ, ಗಂಡನ ಮನೆಯಲ್ಲಿ ಇದ್ದಳು. ಭಾವ ಸ್ಕೂಟರಿನಲ್ಲಿ ಬರುವಾಗ ಲಾರಿಗೆ ಸಿಕ್ಕಿ ಹೋಗಿ ಮೂರು ವರ್ಷವಾಗಿತ್ತು. ಏಳು ವರ್ಷದ ಒಬ್ಬಳು ಮಗಳು. ಅಕ್ಕನ ಮಾವ ಕಾರ್ಖಾನೆಯ ಸ್ಟೋರಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು, ನಮ್ಮ ಕೇಂದ್ರದ ಕಮಿಟಿ ಮೆಂಬರು. ಪ್ರತಿ ಭಾನುವಾರ ಬಸ್ಸು ಹತ್ತಿ ಬರುವರು. ಅಕ್ಕನ ಹಾಗೆ ನಾನೂ ಅವರನ್ನು ಮಾವ ಅಂತಲೇ ಕರೆಯುತ್ತಿದ್ದೆ. ಕೆಟ್ಟವರಲ್ಲ, ಮಾತು ಕಡಿಮೆ. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡವರಲ್ಲ.

ಭಾವನ ಎರಡನೇ ವರ್ಷದ ತಿಥಿಯ ದಿನ ನೆಂಟರಲ್ಲಿ ಯಾರೋ ಅಕ್ಕನ ಮರುಮದುವೆಯ ಮಾತೆತ್ತಿದರು. ಮಾವ ಎಲೆಯಡಿಕೆ ಕೆಳಗಿಟ್ಟು ಹೇಳಿದ್ದು ಇಷ್ಟೇ: "ಹೋಗೋದಾದ್ರೆ ಅವಳು ಹೋಗ್ಲಿ, ನಾನು ತಡೆಯಲ್ಲ. ಮಗು ಮಾತ್ರ ಈ ಮನೇದು." ಅವತ್ತಿನಿಂದ ಆ ವಿಷಯ ಬಂದರೆ ಸಾಕು, ಅಕ್ಕ ಮಗಳ ರಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುವಳು. ಮಗುವಿಗೆ ನೋವಾಗಿ "ಬಿಡಮ್ಮ" ಅಂತ ಕೂಗುತ್ತಿತ್ತು.

ಗುಟ್ಟಾಗಿ ಗಂಡು ಹುಡುಕಲು ಶುರು ಮಾಡಿದವಳು ನಾನೇ. ಮೂವತ್ತೆರಡು ವರ್ಷದ ಅಕ್ಕ ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತ ಆಯಸ್ಸು ಕಳೆಯುವುದು ನನ್ನಿಂದ ನೋಡಲಾಗುತ್ತಿರಲಿಲ್ಲ. ಅವಳು ಬೇಡ ಬೇಡ ಅಂದು ಕೊನೆಗೆ ಒಪ್ಪಿದಳು. "ಮಗೂನ ಬಿಟ್ಟು ಅಂದ್ರೆ ಮಾತ್ರ ಬೇಡ ಕಣೇ" ಅಂದಳು. ಐದಾರು ಕಡೆ ಬಾಯಿಮಾತಿನಲ್ಲಿ ಕೇಳಿ ನೋಡಿದೆ. ಎಲ್ಲ ಕಡೆಯೂ ಮಗು ಇದೆ ಅಂದ ಕೂಡಲೇ ಮಾತು ನಿಂತುಹೋಗುತ್ತಿತ್ತು. ಅಷ್ಟರಲ್ಲಿ ಹೊಳಲೂರಿನ ಕಡೆಯ ಒಬ್ಬ ಶಾಲಾ ಮೇಷ್ಟ್ರ ವಿಷಯ ಬಂತು. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಬಯೋಡೇಟಾ ಕಳಿಸಿ ಅಂದರು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾನು ಒಂದೇ ಒಂದು ಹೇಳಿದೆ. ಮಕ್ಕಳು ಅನ್ನುವ ಸಾಲಿನ ಮುಂದೆ 'ನಿಲ್', ಅಂದರೆ ಯಾರೂ ಇಲ್ಲ, ಅಂತ ಟೈಪ್ ಮಾಡಿದೆ. ಮೊದಲು ಬಂದು ನೋಡಲಿ, ಅಕ್ಕನನ್ನು ನೋಡಿದರೆ ಯಾರೂ ಬೇಡ ಅನ್ನುವುದಿಲ್ಲ, ಮಗುವಿನ ವಿಷಯ ಆಮೇಲೆ ಹೇಳಿದರಾಯಿತು ಅಂತ ನನ್ನ ಯೋಚನೆ. ಅಕ್ಕನಿಗೆ ಹೇಳಲಿಲ್ಲ. ಮೂರೇ ಇಂಗ್ಲಿಷ್ ಅಕ್ಷರ. ಟೈಪ್ ಮಾಡಿದ ಮೇಲೆ ಎರಡು ಸಲ ಓದಿದೆ, ಆದರೂ ಅಳಿಸಲಿಲ್ಲ.

ಇನ್ನು ಅದನ್ನು ಕಳಿಸುವುದು. ನಮ್ಮಲ್ಲಿ ಯಾವ ಬಯೋಡೇಟಾವೂ ಎದುರು ಪಾರ್ಟಿಗೆ ಹೋಗುವ ಮುಂಚೆ ಒಂದು ರಾತ್ರಿ ದೇವರ ಮುಂದೆ ಇರಬೇಕು. ಪ್ರಿಂಟು ತೆಗೆದ ಹಾಳೆಗಳನ್ನು ಗೋಡೆಯ ಗಣಪತಿ ಫೋಟೋದ ಕೆಳಗಿನ ಸ್ಟೂಲಿನ ಮೇಲೆ ಇಟ್ಟು, ಮೇಲೊಂದು ಅಡಿಕೆ ಇಟ್ಟು ಹೋಗುತ್ತಿದ್ದೆವು. ಅಕ್ಕನದನ್ನು ಅಲ್ಲಿ ಇಡುವ ಹಾಗಿಲ್ಲ. ಕಾರ್ಯದರ್ಶಿಗಳು ಬೆಳಿಗ್ಗೆ ಬಂದವರೇ ಮೊದಲು ಕೈಹಾಕುವುದು ಆ ಸ್ಟೂಲಿಗೆ. ದೇವರ ಮುಂದೆ ಇಡದೆ ಕಳಿಸಲು, ಅದೂ ಸುಳ್ಳು ಬರೆದು ಕಳಿಸಲು, ನನ್ನಂಥ ಪುಕ್ಕಲಿಗೆ ಧೈರ್ಯವೆಲ್ಲಿ? ಶನಿವಾರ ಸಂಜೆ ಹೊಳೆಯಿತು. ಮಷೀನಿನ ಒಳಗೂ ಗಣಪತಿ ಇದ್ದಾನಲ್ಲ! ಆ ಫೋಲ್ಡರನ್ನು ನನ್ನ ಬಿಟ್ಟು ಇನ್ನೊಬ್ಬರು ಮುಟ್ಟುವುದಿಲ್ಲ. ಅಕ್ಕನ ಫೈಲನ್ನು ಎಳೆದು ಅದರೊಳಗೆ ಹಾಕಿದೆ. ಪರದೆಗೇ ಕೈಮುಗಿದು ನೀನೇ ನೋಡಿಕೋ ಅಂದೆ. ತೆರೆದದ್ದನ್ನೆಲ್ಲ ಮುಚ್ಚಿದೆನಾ ಅಂತ ಮೂರು ಸಲ ನೋಡಿ, ಆಫ್ ಮಾಡಿ, ರಾತ್ರಿ ಅಕ್ಕನ ಮನೆಯಲ್ಲಿ ಇರೋಣ ಅಂತ ಭದ್ರಾವತಿಯ ಬಸ್ಸು ಹತ್ತಿದೆ.

ಅವತ್ತು ರಾತ್ರಿ ಅಕ್ಕನ ಮಗಳು ನನ್ನ ಮುಂದೆ ಹೊಸ ನೋಟ್‌ಬುಕ್ಕುಗಳ ರಾಶಿ ಹಾಕಿಕೊಂಡು ಕೂತಳು. "ಚಿಕ್ಕಮ್ಮ, ಲೇಬಲ್ ಮೇಲೆ ನನ್ನ ಹೆಸರು ಬರಿ, ನಿನ್ನ ಅಕ್ಷರ ಚೆಂದ" ಅಂದಳು. ಆರು ಪುಸ್ತಕಕ್ಕೂ ಬರೆದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಅಕ್ಷರ ಸೊಟ್ಟಗಾಯಿತು. ಮಗು ಅದನ್ನು ಕಿತ್ತು ಇನ್ನೊಂದು ಲೇಬಲ್ ಅಂಟಿಸಿ ಮತ್ತೆ ಬರೆಸಿತು.

ಮಾರನೇ ದಿನ ಬೆಳಿಗ್ಗೆ ಮಾವ ಮತ್ತು ನಾನು ಒಟ್ಟಿಗೇ ಬಸ್ಸು ಹತ್ತಿದೆವು. ಅದೇ ಬಸ್ಸಿಗೆ ಲೆಕ್ಚರರೂ ಬಂದರು. ಪ್ರಿಂಟರು ಸರಿ ಮಾಡಿಕೊಡಿ ಅಂತ ಕಾರ್ಯದರ್ಶಿಗಳು ಕರೆಸಿದ್ದರಂತೆ. ನಾನು ಮುಂದೆ ಹೆಂಗಸರ ಸೀಟಿನಲ್ಲಿ, ಅವರಿಬ್ಬರೂ ನನ್ನ ಬೆನ್ನ ಹಿಂದೆ. ಮಾವನಿಗೆ ಮಾತು ಕಡಿಮೆಯಾದರೂ ಯಂತ್ರದ ವಿಷಯ ಅಂದರೆ ಕುತೂಹಲ.

"ಅಲ್ಲ ಲೆಕ್ಚರರೇ, ಬಹಳ ದಿನದಿಂದ ಕೇಳಬೇಕು ಅಂತಿದ್ದೆ. ಆ ಗಣಪತಿ ಯಾರೂ ಒತ್ತದೆ ಹ್ಯಾಗೆ ಬರ್ತಾನೆ?"

"ದೊಡ್ಡ ವಿಷಯ ಅಲ್ಲ ಸಾರ್. ಬಟನ್ ಒತ್ತಿದ ಕೂಡ್ಲೆ ಮೊದಲು ಮಷೀನಿನ ಸ್ವಂತ ಕೆಲಸದವರು ಏಳ್ತಾರೆ. ಪ್ರಿಂಟರ್ ನೋಡಿಕೊಳ್ಳೋದು, ಟೈಮ್ ನೋಡಿಕೊಳ್ಳೋದು, ಇಂಥವು. ಅವರ ಪಟ್ಟಿ ಬೇರೆ. ಫ್ಯಾಕ್ಟರೀಲಿ ಸೈರನ್ ಆಗೋಕ್ ಮುಂಚೆ ಬಾಯ್ಲರ್‌ನೋರು ಬಂದಿರ್ತಿದ್ರಲ್ಲ, ಹಂಗೆ."

"ಹ್ಞೂಂ."

"ಅವರೆಲ್ಲ ಎದ್ದ ಮೇಲೆ ನಮ್ಮ ಹೆಸರಿನಲ್ಲಿ ಒಳಗೆ ಹೋಗುತ್ತೆ. ಆಗ ನಮ್ಮದೇ ಇನ್ನೊಂದು ಪಟ್ಟಿ ನೋಡುತ್ತೆ. ಪಟ್ಟಿ ಅಂದ್ರೆ ಏನು, ಒಂದು ಫೋಲ್ಡರ್ ಅಷ್ಟೆ, ಆಟೋಸ್ಟಾರ್ಟ್ ಅಂತಾರೆ. ಆ ಫೋಲ್ಡರಿಗೇ ನಾನು ಗಣಪತಿ ಅಂತ ಹೆಸರಿಟ್ಟಿರೋದು."

"ಗಣಪತಿ ಅಂತ ಅದಕ್ಕೆ ಗೊತ್ತಾಗುತ್ತಾ ಹಾಗಾದ್ರೆ?"

ಲೆಕ್ಚರರು ನಕ್ಕರು. "ಅದಕ್ಕೇನು ಗೊತ್ತು ಸಾರ್. ಆ ಫೋಲ್ಡರಲ್ಲಿ ಏನಿಟ್ರೂ ತೆಗೆದು ತೋರಿಸುತ್ತೆ. ಗಣಪತಿ ಇಟ್ರೆ ಗಣಪತಿ, ಲಗ್ನಪತ್ರಿಕೆ ಇಟ್ರೆ ಲಗ್ನಪತ್ರಿಕೆ."

ನಾನು ಕಿಟಕಿಯ ಸರಳನ್ನು ಹಿಡಿದುಕೊಂಡೆ. ಬಸ್ಸು ಆಗಿನ್ನೂ ಮಾಚೇನಹಳ್ಳಿ ದಾಟುತ್ತಿತ್ತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಅಂತಾರಲ್ಲ, ನಾನು ಮಾಡಿದ್ದು ಅದೇ. ಹತ್ತೂವರೆಗೆ ಎಲ್ಲರೂ ಕೈಮುಗಿದು ನಿಂತಿರುವಾಗ, ಮಾವನ ಕಣ್ಣೆದುರಿಗೆ, ಅಕ್ಕನ ಫೋಟೋ ಬರುತ್ತದೆ. ಗುಟ್ಟಾಗಿ ಗಂಡು ಹುಡುಕಿದ್ದಕ್ಕೆ ಬೈದರೆ ಬೈಯಲಿ. ಆದರೆ ಕೆಳಗೆ ಆ 'ನಿಲ್' ಇದೆಯಲ್ಲ! ಹೆತ್ತವಳೇ ಮಗು ಇಲ್ಲ ಅಂತ ಬರೆಸಿದ್ದಾಳೆ, ಇನ್ನು ಮಗು ಅವಳದ್ದು ಹೇಗಾಯಿತು, ಅಂತ ನಾಲ್ಕು ಜನ ಹಿರಿಯರ ಮುಂದೆ ಮಾವ ಕೇಳಿದರೆ? ಅಚ್ಚಾದ ಸಾಕ್ಷಿಯನ್ನು ನಾನೇ ಕೈಯಾರೆ ಒದಗಿಸಿದ್ದೆ. ಹಿಂದಿನಿಂದ ಮಾವ "ಕೂತಲ್ಲೇ ಯಾಕೆ ಹಂಗೆ ಬೆವರ್ತಾ ಇದೀಯ? ಹುಷಾರಿಲ್ವಾ?" ಅಂದರು. ಬಿಸಿಲು ಮಾವ ಅಂದೆ. ಕಿಟಕಿಯಾಚೆ ಮೋಡ ಕವಿದಿತ್ತು.

ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಹತ್ತಾಗಲು ಐದು ನಿಮಿಷ. ಮೂವರೂ ಒಂದೇ ಆಟೋ ಹತ್ತಿದೆವು. ಸವಳಂಗ ರಸ್ತೆಯ ರೈಲ್ವೆ ಗೇಟು ಹಾಕಿತ್ತು. ನಾನು ಎರಡು ನಿಮಿಷ ಕೂತೆ, ಮೂರನೇ ನಿಮಿಷ ಕೂರಲಾಗಲಿಲ್ಲ. ಪೂಜೆಗೆ ಹೂ ತರಬೇಕು ಮಾವ ಅಂತ ಹೇಳಿ ಇಳಿದು, ಗೇಟಿನ ಕಂಬದ ಕೆಳಗೆ ನುಸುಳಿ ಓಡಿದೆ. ಸೀರೆ ಉಟ್ಟು ಹಾಗೆ ಓಡಿದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ. ಮೊದಲು ಹೋಗಿ ಆನ್ ಮಾಡಿ, ಆ ಫೈಲನ್ನು ಹೊರಗೆಳೆದು ಬಿಸಾಡಿದರೆ ಮುಗಿಯಿತು ಅಂತ ಒಂದೇ ಜಪ.

ಮೆಟ್ಟಿಲು ಹತ್ತಿದರೆ ಕಾರ್ಯದರ್ಶಿಗಳು ಆಗಲೇ ಮಷೀನಿನ ಮುಂದೆ ರಂಗೋಲಿ ಎಳೆಯುತ್ತ ಕೂತಿದ್ದಾರೆ.

"ಸಾರ್, ನಿನ್ನೆ ಇದು ಸ್ವಲ್ಪ ತೊಂದ್ರೆ ಕೊಡ್ತಿತ್ತು. ಒಂದ್ನಿಮಿಷ ಆನ್ ಮಾಡಿ ನೋಡ್ತೀನಿ" ಅಂದೆ. ಏದುಸಿರಿಗೆ ಮಾತು ತುಂಡಾಗುತ್ತಿತ್ತು.

"ಭಾನುವಾರ, ಪೂಜೆ ಇಲ್ದೆ, ಕಮಿಟಿಯವರು ಬರೋಕ್ ಮುಂಚೆ ಆನ್ ಮಾಡೋದಾ? ತಲೆ ನೆಟ್ಟಗಿದೆಯಾ ಮಾರಾಯ್ತಿ? ಹೋಗು, ದೀಪಕ್ಕೆ ಎಣ್ಣೆ ಹಾಕು."

ಎಣ್ಣೆ ಹಾಕಿದೆ. ಅರ್ಧ ಬತ್ತಿಗೆ, ಅರ್ಧ ನೆಲಕ್ಕೆ. ಕರೆಂಟಾದರೂ ಹೋಗಲಿ ಅಂತ ಬೇಡಿಕೊಂಡೆ. ಹೊತ್ತಲ್ಲದ ಹೊತ್ತಿನಲ್ಲಿ ಹೋಗುತ್ತಿದ್ದ ಕರೆಂಟು ಅವತ್ತು 'ಇದ್ದೇನೆ' ಅಂತ ಫ್ಯಾನನ್ನು ಗಿರಗಿರ ತಿರುಗಿಸುತ್ತಿತ್ತು. ಪ್ಲಗ್ಗು ಕೀಳೋಣ ಅಂತ ಮೇಜಿನ ಕೆಳಗೆ ಬಗ್ಗಿದೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿಗಳ ಸದ್ದು. ಮಾವ, ಲೆಕ್ಚರರು, ಅವರ ಹಿಂದೆ ಕಮಿಟಿಯ ಇನ್ನಿಬ್ಬರು. ಎಲ್ಲರೂ ಸಾಲಾಗಿ ನಿಂತರು. ಕಾರ್ಯದರ್ಶಿಗಳು ಬಟನ್ ಒತ್ತಿದರು.

ಎರಡು ನಿಮಿಷ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳ ಸಾಲುಗಳು ಒಂದರ ಹಿಂದೊಂದು ಸರಿಯತೊಡಗಿದವು. ಪ್ರತಿ ಸಾಲಿನ ಕೊನೆಗೆ 'ಓಕೆ' ಅಂತ ಬೀಳುತ್ತಿತ್ತು. ಯಾವತ್ತೂ ಅರ್ಥವಾಗದ ಆ ಸಾಲುಗಳು ಅವತ್ತು ಮೊದಲ ಸಲ ಅರ್ಥವಾದವು: ಮಷೀನಿನ ಕೆಲಸದವರು ಏಳುತ್ತಿದ್ದಾರೆ. ಇವರಾದ ಮೇಲೆ ನಮ್ಮ ಪಟ್ಟಿ. ಇವರಲ್ಲಿ ಯಾರಾದರೊಬ್ಬ ಏಳದೆ ಮಲಗಿಬಿಡಲಿ ಅಂತ ಕಾದೆ. ಎಲ್ಲರೂ ಓಕೆ. ಪರದೆ ನೀಲಿಯಾಯಿತು, ಗಡಿಯಾರ ಬಂತು, ಗಣಪತಿ ಬಂದ.

ಗಂಟೆ ಬಾರಿಸಿದರು. ನಾನು ಆರತಿ ಎತ್ತಿದೆ. ಗಣಪತಿ ಒಬ್ಬನೇ ಇದ್ದ. ಐದು ಸೆಕೆಂಡು, ಹತ್ತು ಸೆಕೆಂಡು. ಬರುವುದಿಲ್ಲವೇನೋ ಅನ್ನಿಸಿತು. ಆದರೆ ಬಯೋಡೇಟಾ ತೆರೆಯುವ ಆ ಪ್ರೋಗ್ರಾಮು ಯಾವತ್ತೂ ಹಾಗೆಯೇ, ಏಳುವುದೇ ನಿಧಾನ. ಗಣಪತಿಯ ಹೊಟ್ಟೆಯ ಮೇಲೆ ಅದರ ಚೌಕಟ್ಟು ಮೂಡಿತು. ನಾನು ಆರತಿ ತಟ್ಟೆಯ ಸಮೇತ ಪರದೆಗೂ ಅವರಿಗೂ ಮಧ್ಯೆ ಹೋಗಿ ನಿಂತೆ.

"ದೇವರಿಗೇ ಅಡ್ಡ ನಿಲ್ತೀಯಲ್ಲೇ! ಈಚೆ ಬಾ" ಅಂದರು ಕಾರ್ಯದರ್ಶಿಗಳು.

ಈಚೆ ಬಂದೆ. ಬರದೆ ಏನು ಮಾಡಲಿ? ಪರದೆಯ ಮೇಲೆ ನೀಲಿ ಸೀರೆಯ ಅಕ್ಕ ಇದ್ದಳು.

ಎಲ್ಲರ ಮುಗಿದ ಕೈಗಳು ಹಾಗೇ ಇದ್ದವು. ಮಾವ ಮಾತ್ರ ಕೈ ಇಳಿಸಿ, ಜೇಬಿನಿಂದ ಕನ್ನಡಕ ತೆಗೆದು, ಪಂಚೆಯ ಅಂಚಿನಿಂದ ಒರೆಸಿ ಹಾಕಿಕೊಂಡರು. ಮುಂದೆ ಬಗ್ಗಿ, ಸ್ಟೋರಿನ ಪುಸ್ತಕ ನೋಡುವವರ ಹಾಗೆ ಗಾಜಿನ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಇಳಿಯುತ್ತ ಬಂದರು. ಹೆಸರು. ವಯಸ್ಸು. ಗೋತ್ರ. ನಕ್ಷತ್ರ. ಬೆರಳು ಕೊನೆಯಿಂದ ಎರಡನೇ ಸಾಲಿಗೆ ಬಂದು ನಿಂತಿತು. ನನ್ನ ಕೈಯಲ್ಲಿ ಆರತಿ ತಟ್ಟೆ ಸದ್ದು ಮಾಡುತ್ತಿತ್ತು, ನಿಲ್ಲಿಸಲು ಆಗುತ್ತಿರಲಿಲ್ಲ.

"ಇದನ್ನ ಅವಳು ನೋಡಿದಾಳಾ?" ಅಂದರು, ಪರದೆಯಿಂದ ಕಣ್ಣು ತೆಗೆಯದೆ.

"ಇಲ್ಲ ಮಾವ. ಅವಳಿಗೆ ಗೊತ್ತೇ ಇಲ್ಲ. ನಾನೇ ಬರೆದದ್ದು. ನಿಮ್ಮ ದಮ್ಮಯ್ಯ ಅಂತೀನಿ, ಅವಳದ್ದೇನೂ ತಪ್ಪಿಲ್ಲ."

"ಮೂವತ್ತು ವರ್ಷ ಸ್ಟೋರಲ್ಲಿ ನಿಲ್ ಬರೆದೋನು ನಾನು. ಇಲ್ಲದ ಸಾಮಾನಿಗೆ ಬರೀತಾರೆ ಅದನ್ನ. ಇರೋದಕ್ಕೆ ಬರೆದ್ರೆ ಅದು ಕಳ್ಳತನ."

ಅಷ್ಟು ಹೇಳಿ ಚೀಲ ಎತ್ತಿಕೊಂಡು ಮೆಟ್ಟಿಲಿಳಿದು ಹೋದರು. ಪ್ರಸಾದವನ್ನೂ ತೆಗೆದುಕೊಳ್ಳಲಿಲ್ಲ.

ಆಮೇಲೆ ನಾನು ಮೂರು ಗಂಟೆ ಹೊತ್ತು ಅಲ್ಲಿ ಏನು ಮಾಡಿದೆ ಅಂತ ನೆನಪಿಲ್ಲ. ಮೊದಲು ಆ ಫೈಲನ್ನು ಫೋಲ್ಡರಿನಿಂದ ತೆಗೆದೆ, ಅದು ಗೊತ್ತು. ಭದ್ರಾವತಿಗೆ ಫೋನು ಮಾಡಿದೆ, ಯಾರೂ ಎತ್ತಲಿಲ್ಲ. ಬಂದವರ ಮಗಳ ವಯಸ್ಸನ್ನು ನಲವತ್ತೆರಡು ಅಂತ ಟೈಪ್ ಮಾಡಿದ್ದಕ್ಕೆ ಕಾರ್ಯದರ್ಶಿಗಳು "ನೀನು ಮನೆಗೆ ಹೋಗಮ್ಮ" ಅಂದರು. ಬೈಯಲೂ ಇಲ್ಲ. ಅದೇ ನನ್ನನ್ನು ಇನ್ನಷ್ಟು ಹೆದರಿಸಿತು.

ಹಳೇನಗರ ಮುಟ್ಟಿದಾಗ ಮೂರೂವರೆ. ಬಾಗಿಲ ಹೊರಗೆ ಮಗುವಿನ ಚಪ್ಪಲಿ ಇರಲಿಲ್ಲ. ಮಾವನದೂ ಇರಲಿಲ್ಲ. ಅಕ್ಕ ಜಗಲಿಯಲ್ಲೇ ನಿಂತಿದ್ದಳು.

"ಮಾವ ಬಂದೋರೇ ಅವಳಿಗೆ ಒಳ್ಳೆ ಫ್ರಾಕ್ ಹಾಕು ಅಂದ್ರು, ಕರ್ಕೊಂಡು ಹೋದ್ರು. ಎಲ್ಲಿಗೆ ಅಂದ್ರೆ ಹೇಳ್ಲಿಲ್ಲ. ಮುಖ ನೋಡೋಕಾಗ್ತಿರ್ಲಿಲ್ಲ. ಏನಾಯ್ತೇ ಅಲ್ಲಿ?"

ಮಾವನ ತಂಗಿಯ ಮನೆ ಆಯನೂರಿನಲ್ಲಿದೆ. ಅಲ್ಲಿಗೇ ಕರೆದುಕೊಂಡು ಹೋಗಿ ಬಿಟ್ಟಿದ್ದಾರೆ, ಇನ್ನು ಮಗು ನಮ್ಮ ಕೈಗೆ ಸಿಗುವುದಿಲ್ಲ ಅಂತ ಮನಸ್ಸು ಒಂದೇ ಸಮನೆ ಹೇಳತೊಡಗಿತು. ಮೆಟ್ಟಿಲ ಮೇಲೆ ಕುಸಿದು ಕೂತು ಎಲ್ಲ ಹೇಳಿದೆ. ಫೈಲು, ಫೋಲ್ಡರು, ಹೊಳಲೂರು. ಆ ಸಾಲನ್ನು ಎರಡು ಸಲ ಹೇಳಬೇಕಾಯಿತು.

ಅಕ್ಕ ನನಗಿಂತ ಎರಡೇ ವರ್ಷಕ್ಕೆ ದೊಡ್ಡವಳು. ಯಾವತ್ತೂ ಹೊಡೆದವಳಲ್ಲ. ಅವತ್ತು ಕೆನ್ನೆಗೆ ಬಾರಿಸಿದಳು. "ನನ್ನ ಮಗಳನ್ನ ಇಲ್ಲ ಅಂತ ಬರೆದ್ಯಾ? ಬದುಕಿರೋ ಮಗೂನ?" ಅಂದಳು. ಆಮೇಲೆ ನನ್ನ ಪಕ್ಕದಲ್ಲೇ ಕೂತು ರಸ್ತೆಯ ತಿರುವನ್ನು ನೋಡತೊಡಗಿದಳು. ಅವಳ ಅತ್ತೆ ಒಳಗಿಂದ ಎರಡು ಸಲ ಕಾಫಿಗೆ ಕರೆದರು. ಇಬ್ಬರೂ ಏಳಲಿಲ್ಲ. ಸಂಜೆ ಐದೂವರೆಯವರೆಗೆ ನಾವು ಕೂತದ್ದು ಎಷ್ಟು ಹೊತ್ತು ಅಂತ ಗಡಿಯಾರ ಬೇರೆ ಹೇಳೀತು, ನನ್ನ ಲೆಕ್ಕವೇ ಬೇರೆ.

ತಿರುವಿನಲ್ಲಿ ಮೊದಲು ಕಂಡದ್ದು ಮಗುವಿನ ಕೆಂಪು ಫ್ರಾಕು. ಕೈಯಲ್ಲಿ ಐಸ್‌ಕ್ಯಾಂಡಿ. ಹಿಂದೆ ಮಾವ, ನಿಧಾನವಾಗಿ. ಅಕ್ಕ ಓಡಿಹೋಗಿ ಮಗುವನ್ನು ಎಳೆದು ತಬ್ಬಿಕೊಂಡಳು. ಮಾವ ಜೇಬಿನಿಂದ ಒಂದು ಪುಟ್ಟ ಕವರು ತೆಗೆದು ನನ್ನ ಕೈಗೆ ಕೊಟ್ಟರು. ಸ್ಟುಡಿಯೋದ ಕವರು. ಒಳಗೆ ಮಗುವಿನ ಪಾಸ್‌ಪೋರ್ಟ್ ಸೈಜಿನ ನಾಲ್ಕು ಫೋಟೋ, ತಲೆ ನೀಟಾಗಿ ಬಾಚಿ, ಹಣೆಗೆ ಬೊಟ್ಟಿಟ್ಟು.

"ಅದರಲ್ಲಿ ಇವಳದ್ದೂ ಹಾಕು. ಮಕ್ಕಳು ಒಂದು, ಹೆಣ್ಣು, ಏಳು ವರ್ಷ. ತಾಯಿ ಜೊತೆಗೇ ಬರ್ತಾಳೆ ಅಂತ ಸೇರಿಸು."

ನಾನು ಫೋಟೋಗಳನ್ನು ಮತ್ತೆ ಕವರಿಗೆ ಹಾಕಿದೆ.

"ನನ್ನ ಬಾಯಿಗೆ ಹೆದರಿ ತಾನೇ ನೀನು ಹಂಗೆ ಬರೆದಿದ್ದು?" ಅಂದರು.

ನಾನು ತಲೆ ತಗ್ಗಿಸಿದೆ. ಅದು ಪೂರ್ತಿ ನಿಜವಲ್ಲ. ನಾನು ಹೆದರಿದ್ದು ಗಂಡಿನ ಕಡೆಯವರಿಗೆ. ಅದನ್ನು ಅವರಿಗೆ ಅವತ್ತೂ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ. ಈಗ ಅವರಿಲ್ಲ.

"ತೆಗೆದುಬಿಟ್ಟೆಯಾ ಅದನ್ನ, ಆ ಫೋಲ್ಡರಿಂದ?"

"ತೆಗೆದೆ ಮಾವ."

"ತಿದ್ದಿ ಮತ್ತೆ ಅಲ್ಲೇ ಇಡು. ಒಂದು ಕಡೆ ನಿಶ್ಚಯ ಆಗೋವರೆಗೆ ಅಲ್ಲೇ ಇರ್ಲಿ."

ಹಾಗೆ, ಪ್ರತಿ ಭಾನುವಾರ ಗಣಪತಿಯ ಹಿಂದೆ ಅಕ್ಕ ಮತ್ತು ಅವಳ ಮಗಳು ಬರತೊಡಗಿದರು. ಕಮಿಟಿಯವರು ಗಣಪತಿಯ ಜೊತೆ ಅವರಿಬ್ಬರಿಗೂ ಸೇರಿಸಿ ಕೈಮುಗಿಯುವರು. ಮರುಮದುವೆಯ ಬಯೋಡೇಟಾ ನಮ್ಮ ಕೇಂದ್ರದ ವಾಡಿಕೆಯಲ್ಲ ಅಂತ ಕಾರ್ಯದರ್ಶಿಗಳು ಒಂದು ಸಲ ಗೊಣಗಿದರು, ಎರಡನೇ ಸಲ ಗೊಣಗಲಿಲ್ಲ. ನನಗೆ ಮಾತ್ರ ಪ್ರತಿ ಸಲವೂ ಆ ಹತ್ತು ಸೆಕೆಂಡು ಬಂದಾಗ ಕೈಯಲ್ಲಿ ತಟ್ಟೆ ನಡುಗುತ್ತಿತ್ತು. ತಿದ್ದಿದ್ದು ಉಳಿದಿದೆಯಾ, ಹಳೆಯದೇ ಮತ್ತೆ ಬಂದೀತಾ ಅಂತ ಆ ಸಾಲು ಕಾಣುವವರೆಗೆ ಜೀವ ಹಿಡಿದುಕೊಂಡು ನಿಲ್ಲುತ್ತಿದ್ದೆ.

ಹೊಳಲೂರಿನ ಮೇಷ್ಟ್ರು ಬಂದು ನೋಡಿದರು. ಮಗುವಿಗೆ ಎರಡರಿಂದ ಹತ್ತರವರೆಗೆ ಮಗ್ಗಿ ಕೇಳಿದರು. ಅದು ಏಳರ ಮಗ್ಗಿಯಲ್ಲಿ ತಪ್ಪಿತು. ಅವರು ನಕ್ಕು, ನನಗೂ ಅದು ಕಷ್ಟ ಅಂದರು. ಒಂದು ಗುರುವಾರ ದೇವಸ್ಥಾನದಲ್ಲಿ, ಇಪ್ಪತ್ತು ಜನರ ಮುಂದೆ ಮದುವೆಯಾಯಿತು. ಧಾರೆಯ ಹೊತ್ತಿಗೆ ಮಗುವಿನ ಕೈಹಿಡಿದು ನಿಂತವರು ಮಾವ. ಸಂಜೆ ಹೊಳಲೂರಿನ ಬಸ್ಸಿಗೆ ನೋಟ್‌ಬುಕ್ಕುಗಳ ಚೀಲವನ್ನೂ ಅವರೇ ಹತ್ತಿಸಿದರು. ಶನಿವಾರ ನಾನು ಫೈಲನ್ನು ಗಣಪತಿಯ ಫೋಲ್ಡರಿನಿಂದ ತೆಗೆದೆ.

ಭಾನುವಾರ ಮಾವ ಎಂದಿನಂತೆ ಬಂದರು. ಕಾರ್ಯದರ್ಶಿಗಳು ಬಟನ್ ಒತ್ತಿದರು, ಸಾಲುಗಳು ಸರಿದವು, ಗಣಪತಿ ಬಂದ, ಗಂಟೆಯಾಯಿತು. ಎಲ್ಲರೂ ಕೈ ಇಳಿಸಿ ಆರತಿಗೆ ಬಂದರು. ನನ್ನ ಕೈಯಲ್ಲಿ ಮೊದಲ ಸಲ ತಟ್ಟೆ ನಡುಗಲಿಲ್ಲ. ಮಾವ ಮಾತ್ರ ಕನ್ನಡಕ ಹಾಕಿಕೊಂಡು, ಮುಗಿದ ಕೈ ಮುಗಿದ ಹಾಗೇ, ಪರದೆ ನೋಡುತ್ತ ನಿಂತಿದ್ದರು. ಐದು ಸೆಕೆಂಡಾಯಿತು, ಹತ್ತು ಸೆಕೆಂಡಾಯಿತು. ಇಷ್ಟು ದಿನ ಆ ಹತ್ತು ಸೆಕೆಂಡು ಎಣಿಸಿದವಳು ನಾನೊಬ್ಬಳೇ ಅಂದುಕೊಂಡಿದ್ದೆ, ಅಕ್ಕ ಮತ್ತು ಮಗು ಬರುವುದನ್ನು ಮಾವನೂ ಕಾಯುತ್ತಿದ್ದರು.

"ಆಯ್ತಲ್ಲ ಮಾರಾಯ್ರೇ, ಇನ್ನೇನು ಕಾಯ್ತಿದೀರಿ?" ಅಂದರು ಕಾರ್ಯದರ್ಶಿಗಳು.

"ಇನ್ನೇನೂ ಬರಲ್ಲ ಅಲ್ವಾ?" ಅಂತ ಮಾವ ನನ್ನನ್ನು ಕೇಳಿದರು.

"ಇಲ್ಲ ಮಾವ" ಅಂದೆ.

ಅವರು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, ಆರತಿಗೆ ಕೈ ಚಾಚಿದರು.